ಆಯಿಲ್ ಲೈಟ್ ಆರುತ್ತಲೇ ಇಲ್ಲವೇ? ಸ್ವಿಚ್ ಕೊಳ್ಳುವ ಮೊದಲು ಇದನ್ನು ಓದಿ

"ಆಯಿಲ್ ಬದಲಿಸಿದೆ, ಲೈಟ್ ಹೋಗಲಿಲ್ಲ. ಸ್ವಿಚ್ ಬದಲಿಸಿದೆ, ಆಗಲೂ ಹೋಗಲಿಲ್ಲ. ಈಗೇನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸ್ವಿಚ್ ಎಂದರೆ ಆಯಿಲ್ ಒತ್ತಡ ಇಳಿದಾಗ ಈ ಲೈಟ್ ಹೊತ್ತಿಸುವ ಪುಟ್ಟ ಭಾಗ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಹುಡುಕಾಟವನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿಡುತ್ತಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಈ ಲೈಟಿನ ಹಿಂದೆ ಬಿದ್ದು ದುಡ್ಡು ಕಳೆದುಕೊಂಡವರಲ್ಲಿ ಹೆಚ್ಚಿನವರು ಅಳೆದು ನೋಡುವ ಮೊದಲೇ ಬಿಡಿಭಾಗ ಕೊಂಡವರು.

ಅದಕ್ಕೂ ಮೊದಲು ಒಂದು ಮಾತು. ಕಾರು ಓಡುತ್ತಿರುವಾಗ ಕೆಂಪು ಆಯಿಲ್ ಲೈಟ್ ಹೊತ್ತಿದರೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಕಾರು ಪೂರ್ತಿ ನಿಂತ ಕೂಡಲೇ ಇಂಜಿನ್ ಆಫ್ ಮಾಡಿ. ಚಲಿಸುತ್ತಿರುವಾಗಲೇ ಕೀ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು. "ಗ್ಯಾರೇಜ್ ಇಲ್ಲೇ ಇದೆ, ನಿಧಾನಕ್ಕೆ ಹೋದರಾಯಿತು" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕ್ರ್ಯಾಂಕ್ (ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಮತ್ತು ಅದನ್ನು ಹೊರುವ ಬೇರಿಂಗ್ ನಡುವಿನ ಸಂದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದ್ದು. ಆ ಸಂದಿನಲ್ಲಿ ಒತ್ತಡದಿಂದ ನಿಂತ ಆಯಿಲ್ ಪದರವೇ ಲೋಹಕ್ಕೆ ಲೋಹ ತಾಗದಂತೆ ಕಾಯುವುದು. ಆಯಿಲ್ ಪಂಪನ್ನು ತಿರುಗಿಸುವುದೂ ಇಂಜಿನ್ನೇ. ಹಾಗಾಗಿ ನಿಧಾನಕ್ಕೆ ಓಡಿಸಿದರೆ ಪಂಪ್ ಕೊಡುವ ಒತ್ತಡ ಇನ್ನೂ ಇಳಿಯುತ್ತದೆ. ಟರ್ಬೊ ಇರುವ ಇಂಜಿನ್ನಾದರೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಅದರ ಶಾಫ್ಟ್‌ಗೂ ಇದೇ ಆಯಿಲ್ ಗತಿ. ಟೋ ಮಾಡಿಸಿ. ಇಂಜಿನ್ ಸೀಜ್ ಆದರೆ ಬೀಳುವ ಖರ್ಚಿನ ಮುಂದೆ ಟೋ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಬೇಕಾಗುವ ಸಾಮಾನು

ನಿಮ್ಮ ಕಾರಿನ ಕೈಪಿಡಿ, ನೂಲು ಬಿಡದ ಹಳೇ ಬಟ್ಟೆ, ಟಾರ್ಚ್, ಕೈಗವಸು, ಸಾಕೆಟ್ ಸೆಟ್, ಮಲ್ಟಿಮೀಟರ್. ಆರನೇ ಹಂತಕ್ಕೆ ಆಯಿಲ್ ಪ್ರೆಷರ್ ಗೇಜ್ ಬೇಕು. ಸ್ವಿಚ್ ಕೂರುವ ತೂತಿಗೇ ತಿರುಗಿಸಿ ಕೂರಿಸುವ ಮೀಟರ್ ಅದು, ಬೇರೆ ಬೇರೆ ಥ್ರೆಡ್‌ಗಳ ಅಡಾಪ್ಟರ್ ಜೊತೆಗೇ ಬರುತ್ತದೆ. ಕೊಳ್ಳಲೇಬೇಕೆಂದಿಲ್ಲ. ಆ ಒಂದು ಹಂತಕ್ಕೆ ಮಾತ್ರ ಮೆಕ್ಯಾನಿಕ್ ಕರೆಸಿ, "ಗೇಜ್ ಹಾಕಿ ಪ್ರೆಷರ್ ನೋಡಿ ಹೇಳಿ" ಎಂದು ಕೇಳಬಹುದು. "ಲೈಟ್ ಸರಿ ಮಾಡಿ" ಎಂದು ಮಾತ್ರ ಕೇಳಬೇಡಿ. ಲೈಟ್ ಆರಿಸುವುದಕ್ಕೆ ಅಡ್ಡದಾರಿಗಳು ಬಹಳ ಇವೆ.

ಹಂತ 1: ಹೊತ್ತಿರುವುದು ಯಾವ ಲೈಟ್?

ಆಯಿಲ್ ಲೈಟ್ ಎಂದು ಕರೆಯುವುದು ಒಂದನ್ನಲ್ಲ, ಮೂರನ್ನು.

ಹನಿ ತೊಟ್ಟಿಕ್ಕುವ ಆಯಿಲ್ ಕ್ಯಾನ್ ಚಿತ್ರ ಕೆಂಪು ಬಣ್ಣದಲ್ಲಿದ್ದರೆ ಅದು ಪ್ರೆಷರ್ ಲೈಟ್. ಇಂಜಿನ್ ಒಳಗಿನ ನಾಳಗಳಲ್ಲಿ ಆಯಿಲ್ ಒತ್ತಡ ಕುಸಿದಿದೆ ಎಂದು ಅದರ ಅರ್ಥ. ಆಯಿಲ್ ಎಷ್ಟಿದೆ ಎನ್ನುವುದನ್ನು ಅದು ಹೇಳುವುದಿಲ್ಲ. ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ತುಂಬ ಆಯಿಲ್ ಇದ್ದೂ ಈ ಲೈಟ್ ಹೊತ್ತಬಹುದು. ಅದೇ ಕ್ಯಾನ್ ಹಳದಿ ಬಣ್ಣದಲ್ಲಿದ್ದರೆ, ಕೆಲವು ಕಾರುಗಳಲ್ಲಿ ಕೆಳಗೊಂದು ಅಲೆಯ ಗೆರೆಯೂ ಇರುತ್ತದೆ, ಸಾಮಾನ್ಯವಾಗಿ ಅದು ಮಟ್ಟದ ಲೈಟ್: ಆಯಿಲ್ ಕಡಿಮೆಯಾಗಿದೆ, ಇಲ್ಲವೇ ಮಟ್ಟ ಅಳೆಯುವ ಸೆನ್ಸರ್ ಕೆಟ್ಟಿದೆ. ಮೂರನೆಯದು ಸ್ಪ್ಯಾನರ್ ಚಿತ್ರ ಅಥವಾ ಆಯಿಲ್ ಬದಲಿಸಿ ಎನ್ನುವ ಸಂದೇಶ. ಅದು ಓಡಿದ ಕಿಲೋಮೀಟರ್ ಮತ್ತು ದಿನ ಎಣಿಸುವ ಗಡಿಯಾರ ಅಷ್ಟೇ. ಆಯಿಲ್ ಬದಲಿಸಿದ ಮೇಲೆ ರೀಸೆಟ್ ಮಾಡದಿದ್ದರೆ ಅದು ಆರುವುದಿಲ್ಲ. "ಹೊಸ ಆಯಿಲ್ ಹಾಕಿಸಿದರೂ ಲೈಟ್ ಹೋಗಿಲ್ಲ" ಎನ್ನುವವರಲ್ಲಿ ಕೆಲವರ ತೊಂದರೆ ಇಷ್ಟೇ ಆಗಿರುತ್ತದೆ. ರೀಸೆಟ್ ವಿಧಾನ ಪ್ರತಿ ಮಾದರಿಗೂ ಬೇರೆ, ಕೈಪಿಡಿಯಲ್ಲಿ ಸರ್ವಿಸ್ ಭಾಗ ನೋಡಿ.

ಹಳದಿ ಲೈಟಿನ ಬಗ್ಗೆ ಒಂದು ಸೂಕ್ಷ್ಮ: ಕೆಲವು ಕಾರುಗಳಲ್ಲಿ ಬಾನೆಟ್ ತೆರೆದು ಮುಚ್ಚಿದಾಗ ಆ ಲೈಟ್ ತಾನೇ ಆರುತ್ತದೆ, ಸ್ವಲ್ಪ ದೂರ ಓಡಿದ ಮೇಲೆ ಮತ್ತೆ ಅಳೆದು ಹೊತ್ತುತ್ತದೆ. ಬಾನೆಟ್ ತೆರೆದವರು ಆಯಿಲ್ ಹಾಕಿರಬೇಕು ಎಂದು ಅದರ ಊಹೆ. ಆದ್ದರಿಂದ ಆರಿತು ಎಂದು ಸಮಾಧಾನಪಡಬೇಡಿ. ಮಟ್ಟ ಸರಿಯಿದ್ದೂ ಮತ್ತೆ ಮತ್ತೆ ಹೊತ್ತಿದರೆ ಚೇಂಬರ್ ತಳದ ಸೆನ್ಸರ್ ಮತ್ತು ಅದರ ವೈರ್ ನೋಡಿಸಿ. ಇನ್ನು ಮುಂದಿನದೆಲ್ಲ ಮುಖ್ಯವಾಗಿ ಕೆಂಪು ಲೈಟಿನ ಕಥೆ.

ಈಗಲೇ ಒಂದು ಪರೀಕ್ಷೆ ಮಾಡಿಬಿಡಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಕೆಂಪು ಲೈಟ್ ಆಗ ಹೊತ್ತಲೇಬೇಕು, ಸ್ಟಾರ್ಟ್ ಆದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಕೀ ಆನ್ ಮಾಡಿದಾಗಲೂ ಹೊತ್ತದ ಲೈಟ್, ಸದಾ ಹೊತ್ತಿರುವ ಲೈಟಿಗಿಂತ ಅಪಾಯ. ಅಂಥ ಕಾರು ಕೆಟ್ಟರೂ ನಿಮಗೆ ಹೇಳುವುದಿಲ್ಲ.

ಹಂತ 2: ಯಾವಾಗ ಹೊತ್ತುತ್ತದೆ ಎಂದು ಬರೆದುಕೊಳ್ಳಿ

ಈಗಾಗಲೇ ಗಮನಿಸಿದ್ದನ್ನು ನೆನಪು ಮಾಡಿಕೊಂಡು ಬರೆಯಿರಿ. ಇದನ್ನು ಪತ್ತೆ ಮಾಡಲೆಂದು ಮತ್ತೆ ಓಡಿಸಲು ಹೋಗಬೇಡಿ.

ತಿರುವಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಮಿಂಚಿ ಆರುತ್ತಿದ್ದರೆ ಮೊದಲ ಅನುಮಾನ ಕಡಿಮೆ ಆಯಿಲ್: ಇದ್ದಬದ್ದದ್ದು ಒಂದು ಕಡೆಗೆ ತುಳುಕಿ ಪಂಪ್ ಗಾಳಿ ಹೀರುತ್ತಿದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಿಗ್ನಲ್‌ನಲ್ಲಿ ನಿಂತಾಗ ಮಿಣುಕಿ, ಆಕ್ಸಿಲರೇಟರ್ ಒತ್ತಿದರೆ ಆರುತ್ತಿದ್ದರೆ ನಿಜವಾಗಿಯೂ ಪ್ರೆಷರ್ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಬಿಸಿ ಆಯಿಲ್ ತೆಳುವಾಗುತ್ತದೆ, ಸವೆದ ಬೇರಿಂಗ್ ಸಂದಿನಿಂದ ಬೇಗ ಸೋರಿಹೋಗುತ್ತದೆ. ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಆರಲು ತಡವಾದರೆ, ಜೊತೆಗೆ ಇಂಜಿನ್ ತಲೆಯಿಂದ ಟಕಟಕ ಸದ್ದು ಬಂದರೆ, ಫಿಲ್ಟರ್ ಒಳಗಿನ ಆಯಿಲ್ ರಾತ್ರಿಯೆಲ್ಲ ಕೆಳಗಿಳಿದಿರಬಹುದು ಅಥವಾ ಪಂಪ್ ಗಾಳಿ ಎಳೆಯುತ್ತಿರಬಹುದು. ತಣ್ಣಗಿರಲಿ, ಬಿಸಿಯಿರಲಿ, ವೇಗ ಎಷ್ಟೇ ಇರಲಿ, ಒಂದೇ ಸಮನೆ ಹೊತ್ತಿದ್ದು ಇಂಜಿನ್ ಸದ್ದು ಮಾತ್ರ ಮಾಮೂಲಿಯಾಗಿದ್ದರೆ ವೈರ್ ಅಥವಾ ಸ್ವಿಚ್ ಕಡೆ ಬೆರಳು ಹೋಗುತ್ತದೆ. ಇದು ಅನುಮಾನ ಮಾತ್ರ, ತೀರ್ಪು ಗೇಜ್ ಕೊಡುತ್ತದೆ.

ಹಂತ 3: ಡಿಪ್‌ಸ್ಟಿಕ್ ಸರಿಯಾಗಿ ನೋಡಿ

ನೋಡುವುದು ಸುಲಭ, ತಪ್ಪಾಗಿ ನೋಡುವುದು ಅದಕ್ಕಿಂತ ಸುಲಭ. ಕಾರು ಸಮತಟ್ಟಾದ ನೆಲದ ಮೇಲಿರಲಿ. ಬಿಸಿ ಇಂಜಿನ್ ಆಫ್ ಮಾಡಿ 5ರಿಂದ 10 ನಿಮಿಷ ಬಿಡಿ, ಮೇಲಿನ ಆಯಿಲ್ ಕೆಳಗಿಳಿಯಲಿ. ಕೈಪಿಡಿಯಲ್ಲಿ ಬೇರೆ ಸಮಯ ಹೇಳಿದ್ದರೆ ಅದೇ ಸರಿ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ಎರಡೂ ಬದಿ ನೋಡಿ. ಎರಡು ಬದಿಯಲ್ಲಿ ಬೇರೆ ಬೇರೆ ಕಂಡರೆ ಕಡಿಮೆ ತೋರಿಸುವ ಬದಿಯನ್ನು ನಂಬಿ. ಕಡ್ಡಿಯೇ ಇಲ್ಲದ ಕಾರಾದರೆ ಪರದೆಯ ಮೆನುವಿನಲ್ಲಿ ಮಟ್ಟ ನೋಡಬೇಕು.

ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಅನೇಕ ಕಾರುಗಳಲ್ಲಿ ಸುಮಾರು ಒಂದು ಲೀಟರ್. ಕಡಿಮೆಯಿದ್ದರೆ ಕಾಲು ಲೀಟರಿನಂತೆ ಹಾಕುತ್ತಾ, ನಡುವೆ ಕಾದು ನೋಡುತ್ತಾ ಬನ್ನಿ. ಒಟ್ಟಿಗೆ ಸುರಿದು ಮೇಲಿನ ಗುರುತು ದಾಟಿಸಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಒತ್ತಡ ನಿಲ್ಲುವುದಿಲ್ಲ, ಮತ್ತೆ ಅದೇ ಲೈಟ್.

ಆಯಿಲ್ ಕಡಿಮೆ ಇತ್ತು, ಹಾಕಿದ ಮೇಲೆ ಲೈಟ್ ಆರಿತು ಎಂದಾದರೆ ಕೆಲಸ ಮುಗಿಯಲಿಲ್ಲ. ಅದು ಹೋದದ್ದೆಲ್ಲಿಗೆ? ರಾತ್ರಿ ಕಾರಿನಡಿ ರಟ್ಟು ಹಾಸಿ, ಬೆಳಿಗ್ಗೆ ಹನಿ ಬಿದ್ದಿದೆಯೇ ನೋಡಿ. ಹನಿ ಇಲ್ಲದಿದ್ದರೆ ಇಂಜಿನ್ ಸುಡುತ್ತಿರಬಹುದು, ಸೈಲೆನ್ಸರಿನಿಂದ ನೀಲಿ ಹೊಗೆ ಅದರ ಕುರುಹು. 1000 ಕಿ.ಮೀ.ಗೆ ಎಷ್ಟು ಕುಡಿಯುತ್ತದೆ ಎಂದು ಲೆಕ್ಕವಿಡಿ. ಕೆಲವು ತಯಾರಕರು ಅರ್ಧ ಲೀಟರ್‌ವರೆಗೂ ಸರಿ ಎನ್ನುತ್ತಾರೆ. ಸರ್ವಿಸಿನಿಂದ ಸರ್ವಿಸಿಗೆ ಬಾನೆಟ್ ಎತ್ತದವರಿಗೆ ಆ ಅರ್ಧ ಲೀಟರೇ ಮುಳುವಾಗುತ್ತದೆ.

ಮಟ್ಟ ಮೇಲಿನ ಗುರುತು ದಾಟಿದ್ದರೆ ಅದೂ ಸುಳಿವೇ, ಅದರಲ್ಲೂ ನೀವು ಹಾಕದೆಯೇ ಏರಿದ್ದರೆ. ಕಡ್ಡಿಯ ತುದಿ ಮೂಸಿ. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದರೆ ಇಂಧನ ಆಯಿಲಿಗೆ ಬೆರೆತು ತೆಳುವಾಗಿಸಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಕಾರನ್ನು ಬರೀ ಸಣ್ಣ ಸಣ್ಣ ದೂರಕ್ಕೆ ಓಡಿಸಿದರೆ ಹೀಗಾಗುವುದುಂಟು. ಮಸಿ ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್, ಆ ಸುಡುವಿಕೆ ಅರ್ಧಕ್ಕೇ ನಿಂತಾಗಲೆಲ್ಲ, ಸಿಲಿಂಡರ್ ಗೋಡೆಯಿಂದ ಜಾರಿ ಚೇಂಬರ್ ಸೇರುತ್ತದೆ. ಕಡ್ಡಿಯ ಮೇಲಿನ ಆಯಿಲ್ ಕೆನೆಗಟ್ಟಿದಂತೆ ಮಸುಕು ಕಂದಾಗಿದ್ದರೆ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಬೆರೆತಿದೆ. ಸ್ಟಾರ್ಟ್ ಮಾಡಬೇಡಿ, ನೇರ ಟೋ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಇದ್ದು ಕಡ್ಡಿ ಶುಚಿಯಾಗಿದ್ದರೆ ಅದು ಬರೀ ತೇವ ಇರಬಹುದು. ಕೂಲಂಟ್ ಮಟ್ಟ ಇಳಿಯುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಹಂತ 4: ಲೈಟ್ ಹೊತ್ತುವ ಮೊದಲು ಏನಾಗಿತ್ತು?

ಸರ್ವಿಸ್ ಆದ ಮೇಲೆ ಶುರುವಾಗಿದ್ದರೆ ಮೊದಲು ಫಿಲ್ಟರ್ ನೋಡಿ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೇ ಹೊಸದನ್ನು ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಜಾರಿ ಆಯಿಲ್ ಚಿಲ್ಲೆಂದು ಹೊರಗೆ ಬರುತ್ತದೆ. ಅಳತೆಗೆ ಕೂತರೂ ಒಳಗಿನ ವಾಲ್ವ್ ಬೇರೆಯಾಗಿರುವ ಫಿಲ್ಟರ್ ಕೂಡ ತೊಂದರೆಯೇ. ಇಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪುಟ್ಟ ರಬ್ಬರ್ ವಾಲ್ವ್ ಅದರಲ್ಲಿರುತ್ತದೆ.

ಆಮೇಲೆ ಗ್ರೇಡ್. 5ಡಬ್ಲ್ಯೂ-30 ಎಂದರೆ ಡಬ್ಲ್ಯೂ ಮುಂಚಿನ ಅಂಕಿ ಚಳಿಯಲ್ಲಿನ ನಡತೆ, ನಂತರದ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ದಪ್ಪ. ಕೈಪಿಡಿ ಹೇಳಿದ್ದಕ್ಕಿಂತ ತೆಳು ಹಾಕಿದ್ದರೆ ಬಿಸಿ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಪ್ರೆಷರ್ ಇಳಿಯುತ್ತದೆ. ಇದರ ತಿರುಗುಮುರುಗು ಉಪಾಯವೂ ಚಾಲ್ತಿಯಲ್ಲಿದೆ: "ದಪ್ಪ ಆಯಿಲ್ ಹಾಕಿ, ಲೈಟ್ ಹೋಗುತ್ತೆ." ಹೋಗುತ್ತದೆ, ನಿಜ. ಸವೆದ ಬೇರಿಂಗ್ ಸವೆಯುತ್ತಲೇ ಇರುತ್ತದೆ, ಅದನ್ನು ಹೇಳಬೇಕಾದ ಲೈಟ್ ಮಾತ್ರ ಬಾಯಿ ಮುಚ್ಚಿರುತ್ತದೆ. ತೆಳು ಆಯಿಲಿಗೆಂದೇ ಮಾಡಿದ ಹೊಸ ಇಂಜಿನ್‌ಗಳಲ್ಲಿ ದಪ್ಪ ಆಯಿಲ್ ತಣ್ಣನೆ ಸ್ಟಾರ್ಟ್‌ನಲ್ಲಿ ಮೇಲಿನ ಭಾಗ ಮುಟ್ಟಲು ತಡಮಾಡುತ್ತದೆ.

ಫ್ಲಶ್ ಮಾಡಿಸಿದ್ದರೆ (ದ್ರವ ಹಾಕಿ ಇಂಜಿನ್ ಒಳಭಾಗ ತೊಳೆಸಿದ್ದರೆ) ಅದನ್ನೂ ಬರೆದುಕೊಳ್ಳಿ. ವರ್ಷಗಳಿಂದ ಗೋಡೆಗೆ ಅಂಟಿದ್ದ ಕೆಸರು ಒಮ್ಮೆಲೇ ಕಿತ್ತುಬಂದು ಪಂಪಿನ ಬಾಯಿಯ ಜಾಲರಿಗೆ ಅಡ್ಡಗಟ್ಟುತ್ತದೆ.

ಹಂಪ್ ಅಥವಾ ಕಲ್ಲಿಗೆ ಕಾರಿನಡಿ ಬಡಿದಿತ್ತೇ? ಟಾರ್ಚ್ ಹಿಡಿದು ಚೇಂಬರ್ ತಳ ನೋಡಿ. ಸೋರಿಕೆ ಇಲ್ಲದಿದ್ದರೂ ತಗ್ಗು ಬಿದ್ದಿದ್ದರೆ ಸಾಕು. ಆಯಿಲ್ ಹೀರುವ ಕೊಳವೆಯ ಬಾಯಿ ತಳದಿಂದ ಸ್ವಲ್ಪವೇ ಮೇಲಿರುತ್ತದೆ, ಒಳಕ್ಕೆ ನುಗ್ಗಿದ ತಗಡು ಆ ಬಾಯಿಯನ್ನೇ ಮುಚ್ಚಿಬಿಡುತ್ತದೆ.

ಹಂತ 5: ಕನೆಕ್ಟರ್ ಮತ್ತು ವೈರ್

ಆಯಿಲ್ ಪ್ರೆಷರ್ ಸ್ವಿಚ್ ಹೆಬ್ಬೆರಳು ಗಾತ್ರದ ಭಾಗ, ಹೆಚ್ಚಾಗಿ ಆಯಿಲ್ ಫಿಲ್ಟರಿನ ಆಸುಪಾಸಿನಲ್ಲಿ ಇಂಜಿನ್ ಬ್ಲಾಕ್‌ಗೆ ತಿರುಗಿಸಿ ಕೂರಿಸಿರುತ್ತಾರೆ. ಒಂದೇ ವೈರಿನ ಹಳೇ ಬಗೆಯಲ್ಲಿ ಒಳಗೊಂದು ಪೊರೆ, ಒಂದು ಸ್ಪ್ರಿಂಗ್. ಒತ್ತಡ ಇಲ್ಲದಾಗ ವೈರನ್ನು ಇಂಜಿನ್ನಿನ ಲೋಹದ ಮೈಗೆ ಸೇರಿಸುತ್ತದೆ, ಲೈಟ್ ಹೊತ್ತುತ್ತದೆ. ಒತ್ತಡ ಬಂದಾಗ ಬಿಡಿಸುತ್ತದೆ, ಲೈಟ್ ಆರುತ್ತದೆ. ಮೂರು ವೈರ್ ಇದ್ದರೆ ಅದು ಸ್ವಿಚ್ ಅಲ್ಲ, ಒತ್ತಡವನ್ನು ವೋಲ್ಟೇಜ್ ಆಗಿ ಬದಲಿಸಿ ಕಂಪ್ಯೂಟರಿಗೆ ಕಳಿಸುವ ಸೆನ್ಸರ್.

ಒಂದು ವೈರಿನ ಬಗೆಗೆ ಪರೀಕ್ಷೆ ಸರಳ. ಇಂಜಿನ್ ಆಫ್, ಕೀ ಆನ್, ಲೈಟ್ ಹೊತ್ತಿರಬೇಕು. ಕನೆಕ್ಟರ್ ಕಳಚಿ. ಲೈಟ್ ಆರಿದರೆ ವೈರ್ ಸರಿ. ಕಳಚಿದ ಮೇಲೂ ಹೊತ್ತಿದ್ದರೆ ವೈರ್ ದಾರಿಯಲ್ಲೆಲ್ಲೋ ಲೋಹದ ಮೈಗೆ ತಾಗುತ್ತಿದೆ. ನನ್ನದೇ ಹಳೇ ಕಾರಿಗೆ ಎರಡು ಹೊಸ ಸ್ವಿಚ್ ಹಾಕಿದ ಮೇಲೆ ನನಗೆ ಈ ಪರೀಕ್ಷೆ ನೆನಪಾಯಿತು. ಆಲ್ಟರ್ನೇಟರ್ ಬ್ರಾಕೆಟ್ ಹಿಂದೆ ವೈರಿನ ಸಿಪ್ಪೆ ಉಗುರಿನಷ್ಟು ಸವೆದು, ಒಳಗಿನ ತಾಮ್ರ ಬ್ರಾಕೆಟ್ ಅಂಚಿಗೆ ಉಜ್ಜಿ ಹೊಳೆಯುತ್ತಿತ್ತು. ರಿಪೇರಿಗೆ ಬೇಕಾದದ್ದು ಎರಡು ಸುತ್ತು ಟೇಪ್, ಒಂದು ಕ್ಲಿಪ್.

ಎಚ್ಚರಿಕೆ: ಕಂಪ್ಯೂಟರ್ ಕಣ್ಣಿಟ್ಟಿರುವ ಹೊಸ ಕಾರುಗಳಲ್ಲಿ ಕನೆಕ್ಟರ್ ಕಳಚಿದರೆ ಅದನ್ನೇ ದೋಷವೆಂದು ದಾಖಲಿಸಿ ಲೈಟ್ ಹೊತ್ತಿಸಬಹುದು. ಉಲ್ಟಾ ಕೆಲಸ ಮಾಡುವ ಸ್ವಿಚ್‌ಗಳೂ ಇವೆ. ಅಲ್ಲಿ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0520ರಿಂದ ಪಿ0523ರವರೆಗಿನ ಕೋಡ್‌ಗಳು ಸೆನ್ಸರ್ ಮತ್ತು ಅದರ ಸರ್ಕ್ಯೂಟ್ ಕಡೆಗೆ ಬೊಟ್ಟು ಮಾಡುತ್ತವೆ. ಪಿ0524 ಬಂದರೆ ಪ್ರೆಷರ್ರೇ ತೀರಾ ಕಡಿಮೆ ಎಂದರ್ಥ. ಕೋಡ್ ಅಳಿಸಿ ಓಡಿಸಿಕೊಂಡು ಹೋಗುವುದು ರಿಪೇರಿಯಲ್ಲ.

ಕನೆಕ್ಟರ್ ಒಳಗೆ ಆಯಿಲ್ ಪಸೆ ಕಂಡರೆ ಸ್ವಿಚ್ಚಿನ ಪೊರೆ ಹರಿದಿದೆ. ಇಷ್ಟು ಸ್ಪಷ್ಟ ಸಾಕ್ಷಿ ಇದ್ದರೆ ಮಾತ್ರ ಗೇಜಿಗೆ ಮುಂಚೆ ಸ್ವಿಚ್ ಕೊಳ್ಳಬಹುದು, ಆದರೂ ಗೇಜ್ ಬಿಡಬೇಡಿ.

ಹಂತ 6: ಗೇಜ್ ಹಾಕಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಾದರೆ ಇದನ್ನು ಮಾಡಿ.

ತಣ್ಣಗಿರುವ ಇಂಜಿನ್‌ನಲ್ಲಿ, ಕೆಳಗೆ ಬಟ್ಟೆ ಹಿಡಿದು ಸ್ವಿಚ್ ಬಿಚ್ಚಿ. ಸರಿಯಾದ ಥ್ರೆಡ್ ಅಡಾಪ್ಟರ್ ಮೊದಲು ಕೈಯಲ್ಲೇ ತಿರುಗಬೇಕು. ಬಿಗಿಯೆನಿಸಿದರೆ ಸ್ಪ್ಯಾನರ್ ಹಾಕಿ ಒತ್ತಾಯ ಮಾಡಬೇಡಿ, ಬ್ಲಾಕಿನ ಥ್ರೆಡ್ ಹೋದರೆ ಹೊಸ ತಲೆನೋವು. ಗೇಜಿನ ಪೈಪ್ ಬೆಲ್ಟ್, ಫ್ಯಾನ್ ಮತ್ತು ಬಿಸಿ ಸೈಲೆನ್ಸರ್ ಕೊಳವೆಯಿಂದ ದೂರವಿರಲಿ. ಸ್ಟಾರ್ಟ್ ಮಾಡಿ, ಕೂಡಲೇ ಸೋರಿಕೆ ನೋಡಿ. ಮುಳ್ಳು ಕೆಲವು ಸೆಕೆಂಡುಗಳಲ್ಲಿ ಏಳದಿದ್ದರೆ ಆಫ್ ಮಾಡಿ, ನಿಮಗೆ ಉತ್ತರ ಸಿಕ್ಕಿತು.

ಮುಳ್ಳು ಎದ್ದರೆ ಇಂಜಿನ್ ಪೂರ್ತಿ ಬಿಸಿಯಾಗಲಿ, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೂ ಕಾಯಿರಿ. ತಣ್ಣನೆ ಇಂಜಿನ್‌ನಲ್ಲಿ ಆಯಿಲ್ ದಪ್ಪಗಿರುವುದರಿಂದ ಸವೆದ ಇಂಜಿನ್ ಕೂಡ ಚೆಂದದ ಅಂಕಿ ತೋರಿಸುತ್ತದೆ. ಆತುರಪಟ್ಟು ತಣ್ಣಗಿದ್ದಾಗಲೇ ನೋಡಿ "ಪ್ರೆಷರ್ ಚೆನ್ನಾಗಿದೆ" ಎಂದು ತೀರ್ಮಾನಿಸುವುದು ಈ ಹಂತದ ದೊಡ್ಡ ತಪ್ಪು. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಂದು, 2000 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಂದು ಅಂಕಿ ಬರೆದುಕೊಳ್ಳಿ.

ಸರಿಯಾದ ಅಂಕಿ ನಿಮ್ಮ ಇಂಜಿನ್ನಿನ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತದೆ. ಅದು ಸಿಗದಿದ್ದರೆ ಹಳೇ ಮೆಕ್ಯಾನಿಕ್‌ಗಳ ಲೆಕ್ಕ: ಪ್ರತಿ 1000 ಆರ್‌ಪಿಎಂಗೆ ಕನಿಷ್ಠ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ). ಬಾರ್ ಎಂಬ ಇನ್ನೊಂದು ಅಳತೆಯಲ್ಲಿ (1 ಬಾರ್ ಎಂದರೆ 14.5 ಪಿಎಸ್‌ಐ) ಬಿಸಿ ಐಡ್ಲಿಂಗ್‌ನಲ್ಲಿ ಸುಮಾರು 1 ಬಾರ್, 2000ದಲ್ಲಿ 2 ಬಾರ್ ಅಥವಾ ಹೆಚ್ಚು ಅನೇಕ ಇಂಜಿನ್‌ಗಳಿಗೆ ಸಹಜ. ಇಂಧನ ಉಳಿಸಲು ಪಂಪಿನ ಒತ್ತಡವನ್ನು ಬೇಕೆಂದೇ ತಗ್ಗಿಸುವ ಹೊಸ ಇಂಜಿನ್‌ಗಳಿಗೆ ಈ ಲೆಕ್ಕ ಹೊಂದದು.

ಇಲ್ಲೇ ಆ ಲೈಟಿನ ಗುಟ್ಟೂ ಬಯಲಾಗುತ್ತದೆ. ಸಾಮಾನ್ಯ ಸ್ವಿಚ್ ಲೈಟ್ ಹೊತ್ತಿಸುವುದು ಒತ್ತಡ ಸುಮಾರು 0.3ರಿಂದ 0.5 ಬಾರ್‌ಗೆ ಇಳಿದಾಗ. ಅಂದರೆ 1 ಬಾರ್ ಬೇಕಾದ ಇಂಜಿನ್ 0.6ರಲ್ಲಿ ನರಳುತ್ತಿದ್ದರೂ ಡ್ಯಾಶ್‌ಬೋರ್ಡ್ ಶಾಂತವಾಗಿರುತ್ತದೆ. ಲೈಟ್ ಹೊತ್ತುವಷ್ಟರಲ್ಲಿ ಪರಿಸ್ಥಿತಿ ಆಗಲೇ ಕೈಮೀರುತ್ತಿರುತ್ತದೆ. ಕೆಲವು ಇಂಜಿನ್‌ಗಳಲ್ಲಿ ಹೆಚ್ಚಿನ ಒತ್ತಡಕ್ಕೆಂದು ಎರಡನೇ ಸ್ವಿಚ್ ಇರುತ್ತದೆ. ಐಡ್ಲಿಂಗ್‌ನಲ್ಲಿ ಸುಮ್ಮನಿದ್ದು ವೇಗ ಹೆಚ್ಚಿಸಿದಾಗ ಮಾತ್ರ ಲೈಟ್ ಕಿರುಚಿದರೆ ಅದನ್ನೂ ನೋಡಿಸಿ.

ಹಂತ 7: ಪ್ರೆಷರ್ ಸರಿಯಿದ್ದರೆ

ಈಗ ಧೈರ್ಯವಾಗಿ ಸ್ವಿಚ್ ಬದಲಿಸಿ. ನಿಮ್ಮ ಇಂಜಿನ್‌ಗೆ ಹೇಳಿದ ಪಾರ್ಟ್ ನಂಬರಿನದೇ ಬೇಕು. ಥ್ರೆಡ್ ಒಂದೇ ಇದ್ದರೂ ಹೊತ್ತುವ ಒತ್ತಡ ಬೇರೆ ಇರುವ ಸ್ವಿಚ್‌ಗಳು ಪೆಟ್ಟಿಗೆಯಲ್ಲಿ ಒಂದೇ ಥರ ಕಾಣುತ್ತವೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಒಂದು ವೈರಿನ ಸ್ವಿಚ್‌ಗೆ ಅದರ ಮೈಯೇ ಅರ್ಥಿಂಗ್, ಟೇಪ್ ಅದಕ್ಕೆ ಅಡ್ಡ ಬರಬಹುದು, ಹರಿದ ಚೂರು ಆಯಿಲ್ ನಾಳಕ್ಕೂ ಸೇರಬಹುದು.

ಹಂತ 8: ಪ್ರೆಷರ್ ಕಡಿಮೆ ಇದ್ದರೆ

ಇನ್ನು ಓಡಿಸುವುದು ನಿಲ್ಲಿಸಿ. ಕೆಲಸ ಮೆಕ್ಯಾನಿಕ್ ಕೈಗೆ ಹೋದರೂ ಯಾವುದರ ನಂತರ ಯಾವುದು ಎಂದು ನಿಮಗೆ ಗೊತ್ತಿರಲಿ, ಏಕೆಂದರೆ ಕೆಲವರು ನೇರವಾಗಿ ಇಂಜಿನ್ ಬಿಚ್ಚುವ ಮಾತಿಗೇ ಬರುತ್ತಾರೆ.

ಮೊದಲು ಸರಿಯಾದ ಗ್ರೇಡ್ ಆಯಿಲ್, ಸರಿಯಾದ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. ಬಿಚ್ಚಿದ ಫಿಲ್ಟರ್ ಎಸೆಯದೆ ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಬೆಳ್ಳಿ ಅಥವಾ ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗ್ ಸವೆಯುತ್ತಿದೆ. ಮ್ಯಾಗ್ನೆಟ್‌ಗೆ ಹಿಡಿಯಲಿಲ್ಲ ಎಂದು ಖುಷಿಪಡಬೇಡಿ, ಬೇರಿಂಗ್ ಪದರದ ಲೋಹಗಳು ಮ್ಯಾಗ್ನೆಟ್‌ಗೆ ಹಿಡಿಯುವುದೇ ಇಲ್ಲ.

ಮುಂದಿನದು ಚೇಂಬರ್ ಇಳಿಸುವುದು. ಹೀರುವ ಕೊಳವೆಯ ಜಾಲರಿಯಲ್ಲಿ ಕಪ್ಪು ಕೆಸರು, ಹಿಂದೆ ಯಾರೋ ಧಾರಾಳವಾಗಿ ಹಚ್ಚಿದ ಗ್ಯಾಸ್ಕೆಟ್ ಪೇಸ್ಟಿನ ಚೂರು, ಆಯಿಲ್ ಒಳಗೇ ಓಡುವ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಬೆಲ್ಟಿನ ರಬ್ಬರ್ ಪುಡಿ, ಇವು ಸಿಕ್ಕಿಕೊಳ್ಳುವುದುಂಟು. ಬೆಲ್ಟ್ ಪುಡಿ ಕಂಡರೆ ಜಾಲರಿ ತೊಳೆದು ಸುಮ್ಮನಾಗಬೇಡಿ, ಬೆಲ್ಟನ್ನೂ ಬದಲಿಸಬೇಕು. ಕೊಳವೆ ಪಂಪಿಗೆ ಸೇರುವಲ್ಲಿನ ಒ-ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿ ಸೀಳಿದ್ದರೆ ಅಲ್ಲಿಂದ ಪಂಪ್ ಗಾಳಿ ಎಳೆಯುತ್ತದೆ. ಸಣ್ಣ ವಸ್ತು, ಚೇಂಬರ್ ಇಳಿಸಿದಾಗ ಹೇಗೂ ಹೊಸದು ಹಾಕಿಸಿ.

ಇದೆಲ್ಲ ಸರಿಯಿದ್ದರೆ ಪಂಪ್ ಮತ್ತು ಅದರ ರಿಲೀಫ್ ವಾಲ್ವ್. ಒತ್ತಡ ಮಿತಿಮೀರಿದಾಗ ಆಯಿಲನ್ನು ವಾಪಸ್ ಬಿಡುವ ಈ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಪಂಪ್ ಎಷ್ಟು ತಳ್ಳಿದರೂ ವ್ಯರ್ಥ. ಕಟ್ಟಕಡೆಯದು ಬೇರಿಂಗ್ ಸವೆತ. ಆ ಹೊತ್ತಿಗೆ ಇಂಜಿನ್ ತಳದಿಂದ ಡಗಡಗ ಬಡಿತವೂ ಕೇಳುತ್ತಿದ್ದರೆ ಗೇಜ್ ಹೇಳಬೇಕಾದ್ದು ಏನೂ ಉಳಿದಿರುವುದಿಲ್ಲ.

ರಿಪೇರಿ ಮುಗಿದ ಮೇಲಿನ ಮೊದಲ ಸ್ಟಾರ್ಟ್‌ನಲ್ಲಿ ನೀವೂ ಅಲ್ಲಿರಿ. ಆಕ್ಸಿಲರೇಟರ್ ಮುಟ್ಟಕೂಡದು. ಲೈಟ್ ಕೆಲವು ಸೆಕೆಂಡುಗಳಲ್ಲಿ ಆರಬೇಕು, ಆರದಿದ್ದರೆ ಆಫ್ ಮಾಡಿ. ಆರಿದರೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಫಿಲ್ಟರ್ ಮತ್ತು ಡ್ರೇನ್ ಬೋಲ್ಟ್ ಬುಡ ಒಣಗಿದೆಯೇ ನೋಡಿ. ಇಂಜಿನ್ ನಿಲ್ಲಿಸಿ, ಕಾದು, ಡಿಪ್‌ಸ್ಟಿಕ್ ಮತ್ತೊಮ್ಮೆ ನೋಡಿ. ಹೊಸ ಫಿಲ್ಟರ್ ತನ್ನ ಪಾಲಿನ ಆಯಿಲ್ ತುಂಬಿಕೊಂಡಿರುವುದರಿಂದ ಮಟ್ಟ ಸ್ವಲ್ಪ ಇಳಿದಿರುತ್ತದೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಗೇಜ್ ತೋರಿಸಿದ ಎರಡು ಅಂಕಿಗಳನ್ನು ತಾರೀಖು, ಕಿಲೋಮೀಟರ್ ಸಮೇತ ಸರ್ವಿಸ್ ಪುಸ್ತಕದ ಕೊನೇ ಪುಟದಲ್ಲಿ ಬರೆದಿಡಿ. ಮುಂದೆ ಇದೇ ಲೈಟ್ ಮತ್ತೆ ಹೊತ್ತಿದರೆ ಹೋಲಿಸಿ ನೋಡಲು ನಿಮ್ಮದೇ ಇಂಜಿನ್ನಿನ ಅಂಕಿ ಕೈಯಲ್ಲಿರುತ್ತದೆ.